ಕಲ್ಲು ಓದಿ ಏನ್ ಮಾಡ್ತೀಯ?

ಓದಿದ ವಿಷಯಗಳಲ್ಲಿ ತುಂಬ ಇಷ್ಟವಾದದ್ದು ಯಾವುದು, ಅದರಲ್ಲಿ ಅಂಥ ಮಜಾ ಏನಿದೆ ಅಂತ ಕೇಳಿದ್ದೀರಿ. ನನ್ನದು ಭೂಗರ್ಭಶಾಸ್ತ್ರ. ಪ್ರೀತಿಯಿಂದ ಆರಿಸಿಕೊಂಡಿದ್ದೇನಲ್ಲ. ಬಿಎಸ್ಸಿಗೆ ಅರ್ಜಿ ಹಾಕುವಾಗ ಗಣಿತದಿಂದ ತಪ್ಪಿಸಿಕೊಳ್ಳೋ ದಾರಿ ಹುಡುಕ್ತಿದ್ದೆ, ಇದು ಕೈಗೆ ಸಿಕ್ಕಿತು. "ಕಲ್ಲು ಓದಿ ಏನ್ ಮಾಡ್ತೀಯಲೇ, ಜಲ್ಲಿ ಕ್ರಷರ್ ಇಡ್ತೀಯಾ?" ಅಂತ ಸೋದರಮಾವ ನಕ್ಕಿದ್ದ.

ನಮ್ಮೂರು ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ದಾರಿಯಲ್ಲಿದೆ. ಕರೆಂಟು ಹೋದ ರಾತ್ರಿ ನಾವು ಹುಡುಗರು ಎರಡು ಬೆಣಚುಕಲ್ಲು ತಗೊಂಡು ಒಂದಕ್ಕೊಂದು ಉಜ್ಜುತ್ತಿದ್ದೆವು. ಕಲ್ಲಿನೊಳಗೇ ಹಳದಿ ಬೆಳಕು ಹೊತ್ತಿ ಆರೋದು, ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಮೊದಲ ಸೆಮಿಸ್ಟರಿನಲ್ಲಿ ಮೇಷ್ಟ್ರು ಒಂದು ಬಿಳಿ ಕಲ್ಲು ತೋರಿಸಿ "ಕ್ವಾರ್ಟ್ಜ್, ಕಾಠಿಣ್ಯ 7, ಗಾಜನ್ನು ಗೀರುತ್ತೆ" ಅಂದರು. ಕೈಗೆ ತಗೊಂಡು ನೋಡಿದರೆ ಅದೇ ನಮ್ಮ ಬೆಣಚು! ಮೈಕಾ ಅಂದರೆ ಹಳ್ಳದ ಮರಳಲ್ಲಿ ಆರಿಸುತ್ತಿದ್ದ ಕಾಗೆಬಂಗಾರ. ಟಾಲ್ಕ್ ಅಂದರೆ ಬಳಪ. 1812ರಲ್ಲಿ ಮೋಸ್ ಎಂಬ ಜರ್ಮನ್ ಖನಿಜತಜ್ಞ ಮಾಡಿದ ಹತ್ತು ಮೆಟ್ಟಿಲಿನ ಕಾಠಿಣ್ಯದ ಪಟ್ಟಿಯಲ್ಲಿ ಬಳಪ ಕೆಳಗಿನ ಮೆಟ್ಟಿಲು, ವಜ್ರ ಮೇಲಿನದು. ನಮ್ಮ ಉಗುರಿಗೆ ಎರಡೂವರೆ. ಹಳೇಬೀಡಿನ ಶಿಲ್ಪಿಗಳು ಕಲ್ಲಲ್ಲಿ ಬಳೆಯ ಮೇಲಿನ ಕೆತ್ತನೆಯನ್ನೂ ಬಿಡದೆ ಬಿಡಿಸಿದ್ದು ಹೇಗೆ ಅಂತ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅವರ ಕೈಲಿದ್ದದ್ದು ಮೆತ್ತನೆಯ ಬಳಪದ ಕಲ್ಲು. ಕೈಚಳಕ ಅವರದೇ, ಆದರೆ ನಮ್ಮ ದುರ್ಗದ ಗ್ರಾನೈಟ್ ಕೊಟ್ಟಿದ್ದರೆ ಅವರೂ ಇಷ್ಟು ನಾಜೂಕು ತೋರಿಸುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಎಲ್ಲವೂ ಇಷ್ಟವಾಯಿತು ಅಂದರೆ ಸುಳ್ಳಾಗುತ್ತೆ. ಹರಳುಗಳ ಜ್ಯಾಮಿತಿ ತಲೆಗೆ ಹತ್ತಲಿಲ್ಲ, ಗಣಿತ ಅಲ್ಲೂ ಬೆನ್ನು ಬಿಡಲಿಲ್ಲ. ಪಳೆಯುಳಿಕೆ ಅಂತ ಪ್ಲಾಸ್ಟರಿನ ಶಂಖ ಮುಂದಿಟ್ಟು ಲ್ಯಾಟಿನ್ ಹೆಸರು ಉರು ಹೊಡೆಸುತ್ತಿದ್ದರು. ಅದನ್ನು ಪರೀಕ್ಷೆ ಮುಗಿದ ಸಂಜೆಯೇ ಮರೆತೆ.

ಹುಚ್ಚು ಹಿಡಿಸಿದ್ದು ಮರಡಿಹಳ್ಳಿ. ಬೆಂಗಳೂರು ಹೈವೇಯಲ್ಲಿ ಐಮಂಗಲದ ಹತ್ತಿರ ಒಳಗೆ ಹೋದರೆ ಸಿಗುವ ಊರು. ಸುತ್ತಿಗೆ ಹಿಡಿದು ಬಸ್ಸಿಂದ ಇಳಿದ ನಮ್ಮನ್ನು ನೋಡಿ ಕುರಿ ಕಾಯುತ್ತಿದ್ದ ಅಜ್ಜ "ಏನ್ ಹುಡುಕ್ತೀರಪ್ಪ, ನಿಧಿನಾ?" ಅಂದ. ದುರ್ಗದ ಕಡೆ ಕಲ್ಲು ಬಗ್ಗಿ ನೋಡಿದವರನ್ನೆಲ್ಲ ಜನ ಕೇಳೋದು ಅದನ್ನೇ. ಅಲ್ಲಿನ ಬಂಡೆ ಹಸಿರು ಮಿಶ್ರಿತ ಕಪ್ಪು, ಮೇಲೆಲ್ಲ ದಿಂಬು ಪೇರಿಸಿದ ಹಾಗೆ ಉಬ್ಬುಗಳು. ನೀರಿನ ತಳದಲ್ಲಿ ಲಾವಾ ಉಕ್ಕಿದಾಗ ಹೊರಮೈ ತಕ್ಷಣ ಗಾಜಿನ ಹಾಗೆ ಹೆಪ್ಪುಗಟ್ಟುತ್ತೆ, ಒಳಗಿನದು ಇನ್ನೂ ಬಿಸಿ. ಅದು ಸಿಪ್ಪೆ ಒಡೆದುಕೊಂಡು, ಶಾವಿಗೆ ಒರಳಿಂದ ಹಿಟ್ಟು ಇಳಿದ ಹಾಗೆ, ಹೊರಗೆ ಬಂದು ಇನ್ನೊಂದು ದಿಂಬಾಗುತ್ತೆ. ಮೇಲೆ ಬಿದ್ದ ದಿಂಬು ಇನ್ನೂ ಮೆತ್ತಗಿರುವುದರಿಂದ ಕೆಳಗಿನ ಎರಡರ ಸಂದಿಗೆ ಜೋತುಬಿದ್ದು ಬಾಲ ಬಿಡುತ್ತೆ. "ತಲೆ ಯಾವ ಕಡೆ, ಬಾಲ ಯಾವ ಕಡೆ, ನೋಡಿ ಹೇಳ್ರಿ" ಅಂದರು ಮೇಷ್ಟ್ರು. ಬಾಲ ಸಿಕ್ಕರೆ ಆ ಕಾಲದಲ್ಲಿ ಕೆಳಗು ಯಾವುದು, ಮೇಲು ಯಾವುದು ಗೊತ್ತಾಗುತ್ತೆ. ಬೆಟ್ಟವೇ ಮಗುಚಿಕೊಂಡಿದ್ದರೂ ಪತ್ತೆ ಹಚ್ಚಬಹುದು. ನಾನು ಮಂಡಿಯೂರಿ ಅರ್ಧ ಗಂಟೆ ಹುಡುಕಿ ಒಂದು ಬಾಲ ಹಿಡಿದೆ. 250 ಕೋಟಿ ವರ್ಷಕ್ಕೂ ಹಿಂದಿನದು. ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುವ ನಮ್ಮ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಸಮುದ್ರ! ಸರ್ಕಾರ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ದುರ್ಗಕ್ಕೆ ಬಂದವರು ಓಬವ್ವನ ಕಿಂಡಿ ನೋಡಿ, ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿಂದು ವಾಪಸ್ ಹೋಗ್ತಾರೆ, ಇದನ್ನು ಕೇಳೋರಿಲ್ಲ.

ಆಮೇಲೆ ಕೋಟೆಯೂ ಬೇರೆ ಥರ ಕಾಣತೊಡಗಿತು. ಅಷ್ಟು ಗುಂಡು ಬಂಡೆಗಳನ್ನು ಹಿಡಿಂಬನೋ ಭೀಮನೋ ಎಸೆದಾಡಿದ್ದು ಅಂತಲೇ ಕೇಳಿ ಬೆಳೆದವನು ನಾನು. ನಡೆದದ್ದು ಇನ್ನೂ ನಿಧಾನದ ಕೆಲಸ. ನೆಲದೊಳಗಿನ ಗ್ರಾನೈಟಿನಲ್ಲಿ ಅಡ್ಡ ಉದ್ದ ಬಿರುಕು ಬಿದ್ದು ಚೌಕ ಚೌಕ ತುಂಡುಗಳಾಗುತ್ತವೆ, ಬಿರುಕಲ್ಲಿ ನೀರು ಇಳಿದು ಕಲ್ಲನ್ನು ಕೊಳೆಸುತ್ತೆ. ಮುಖಕ್ಕೆ ಒಂದು ಕಡೆಯಿಂದ ಪೆಟ್ಟು, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಹಾಗಾಗಿ ಮೂಲೆ ಮೊದಲು ಸವೆದು ಚೌಕ ಗುಂಡಗಾಗುತ್ತೆ. ಮೇಲಿನ ಮಣ್ಣು ಕೊಚ್ಚಿ ಹೋದಾಗ ಗುಂಡುಗಳು ಮಾತ್ರ ಒಂದರ ಮೇಲೊಂದು ಉಳಿಯುತ್ತವೆ. ಕೋಟೆ ಕಟ್ಟಿದವರಿಗೆ ಈ ಕಲ್ಲಿನ ಗುಣ ಚೆನ್ನಾಗಿ ಗೊತ್ತಿತ್ತು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುತ್ತೆ. ಬಿರುಕಿಲ್ಲದ ಬಂಡೆ ನೀರು ಕುಡಿಯಲ್ಲ ಅನ್ನೋದು ತಿಳಿಯದವರಿಂದ ಇದು ಆಗುವ ಕೆಲಸವಲ್ಲ.

ಲ್ಯಾಬಿನ ಒಂದು ಖುಷಿ ಹೇಳಲೇಬೇಕು. ಕಲ್ಲನ್ನು ತೇಯ್ದು ತೇಯ್ದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ತೆಳು ಮಾಡಿದರೆ ಅದರೊಳಗೆ ಬೆಳಕು ಹಾಯುತ್ತೆ. ರಸ್ತೆ ಬದಿಯ ಕರಿಕಲ್ಲಿನ ಅಂಥ ಚೂರನ್ನು ಬೆಳಕು ಸೋಸುವ ಎರಡು ಪೋಲರೈಡ್ ಹಾಳೆ ನಡುವೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮೊಳಕಾಲ್ಮೂರು ಸೀರೆ ಬಿಚ್ಚಿ ಹಾಸಿದ ಹಾಗಿತ್ತು. ಕಪ್ಪು ಬಿಳಿ ಗೆರೆಯ ಫೆಲ್ಡ್‌ಸ್ಪಾರು, ನಡುವೆ ಹಳದಿ, ನೀಲಿ, ಗುಲಾಬಿ ಪೈರಾಕ್ಸೀನು, ಎರಡೂ ಆ ಕಲ್ಲಿನೊಳಗಿನ ಖನಿಜಗಳು. ತಟ್ಟೆ ತಿರುಗಿಸಿದಂತೆ ಒಂದೊಂದೇ ಹರಳು ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಸರದಿಯಲ್ಲಿದ್ದವನು ಬೆನ್ನಿಗೆ ಗುದ್ದುವವರೆಗೂ ಏಳಲಿಲ್ಲ.

ಮನೆಯವರ ಲೆಕ್ಕಕ್ಕೆ ಈ ಓದು ಬಂದದ್ದು ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ. ಅಪ್ಪ ಮೂರನೇ ಬೋರ್ ಹಾಕಿಸುತ್ತಿದ್ದರು. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಹೊಲ ಸುತ್ತಿದವನೊಬ್ಬ ಪಾಯಿಂಟ್ ಕೊಟ್ಟಿದ್ದ. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ನಿಲ್ಲುವುದು ಮೇಲಿನ ಕೊಳೆತ ಪದರದಲ್ಲಿ, ಅದರ ಕೆಳಗೆ ಬಿರುಕಿನಲ್ಲಿ ಮಾತ್ರ. ಪಕ್ಕದ ಹೊಲದವನಿಗೆ ಎರಡಿಂಚು ನೀರು ಬಂದು ನಮಗೆ ಬರೀ ಧೂಳು ಬರೋದು ಅದಕ್ಕೇ. ನಾನು ಒಂದು ಗೋಣಿಚೀಲ ಹಾಸಿ ಪ್ರತಿ ರಾಡಿಗೂ ಒಂದು ಹಿಡಿ ಪುಡಿ ತಂದು ಸಾಲಾಗಿ ಗುಡ್ಡೆ ಇಟ್ಟೆ. ಮೊದಲು ಕೆಂಪು, ಆಮೇಲೆ ಗರಸು, ಆಮೇಲೆ ಕಾಗೆಬಂಗಾರ ಮಿನುಗುವ ಹಳದಿ. ಅಲ್ಲಿಂದಾಚೆ ಗುಡ್ಡೆ ಮೇಲೆ ಗುಡ್ಡೆ ಜೋಳದ ಹಿಟ್ಟಿನಂಥ ಬೂದು ಬಿಳುಪು. ಬಿರುಕಿದ್ದರೆ ತುಕ್ಕು ಹಿಡಿದ ಕಂದು ಚೂರು ಬರಬೇಕಿತ್ತು, ಒಂದೂ ಇಲ್ಲ. ನಾನೂರು ಅಡಿಗೆ "ನಿಲ್ಸಪ್ಪ, ಇನ್ನು ಇದೇ ಕಲ್ಲು" ಅಂದೆ. ಅಪ್ಪ ಕೇಳಲಿಲ್ಲ. ಆರುನೂರಕ್ಕೆ ಲಾರಿಯವನೇ ಇಂಜಿನ್ ಆಫ್ ಮಾಡಿದ. ಕೊನೆಯ ಹತ್ತು ಗುಡ್ಡೆಯಲ್ಲಿ ಯಾವುದು ಯಾವುದೆಂದು ನನಗೂ ಗುರುತು ಹತ್ತದಷ್ಟು ಒಂದೇ ಥರ ಇದ್ದವು.

ಆ ರಾತ್ರಿ ಅಪ್ಪ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಬಂದರೆ ಗೋಣಿಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಹಳದಿ ಗುಡ್ಡೆಯನ್ನು ಬೆರಳಲ್ಲಿ ಕೆದಕುತ್ತಿದ್ದರು. "ಇದು ಎಷ್ಟನೇ ರಾಡಿಂದು?" ಅಂದರು. ಈಗ ಹೊಲದಲ್ಲಿ ಏನೇ ಹೊಳೆಯುವ ಕಲ್ಲು ಸಿಕ್ಕರೂ ಟವೆಲಿನ ತುದಿಗೆ ಕಟ್ಟಿಕೊಂಡು ಬಂದು ನನ್ನ ಮುಂದೆ ಬಿಚ್ಚುತ್ತಾರೆ. ಹತ್ತರಲ್ಲಿ ಒಂಬತ್ತು ಬೆಣಚುಕಲ್ಲೇ.