ಕಟ್ಟೆ, ಸಿಂಕ್ ಎರಡೂ ಒಂದೇ ಎರಕದಲ್ಲಿ

ಪ್ರಶ್ನೆ: ಅಡುಗೆಮನೆಗೆ ಗ್ರಾನೈಟ್ ಬದಲು ಕಾಂಕ್ರೀಟ್ ಕಟ್ಟೆ ಮಾಡುವ ಆಸೆ. ಸಿಂಕ್ ಕೂಡ ಅದರಲ್ಲೇ ಸೇರಿರಬೇಕು. ಮನೆಯಲ್ಲೇ ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ಮೊದಲು ತೂಕದ ಲೆಕ್ಕ ಹಾಕಿ. 2 ಇಂಚು ದಪ್ಪ ಅಂದರೆ ಚದರಡಿಗೆ ಸುಮಾರು 11 ಕೆಜಿ, ಸಿಂಕಿನ ಗೋಡೆಗಳ ತೂಕ ಬೇರೆ, ಹಾಗಾಗಿ ತೆಳು ಪ್ಲೈವುಡ್ ಕಪಾಟಿನ ಮೇಲೆ ಕೂರಿಸುವ ಯೋಚನೆ ಬಿಟ್ಟು ಕೆಳಗೆ ಇಟ್ಟಿಗೆ ಗೋಡೆ ಕಟ್ಟಿಸಿ.

ಎರಕ ತಲೆಕೆಳಗಾಗಿ ಹಾಕಬೇಕು. ನುಣುಪು ಪ್ಲೈವುಡ್ ಪೆಟ್ಟಿಗೆಯ ತಳಕ್ಕೆ ತಾಗಿದ ಭಾಗವೇ ಆಮೇಲೆ ಕಟ್ಟೆಯ ಮೇಲ್ಮೈ. ಸಿಂಕಿನ ಜಾಗಕ್ಕೆ ಗಟ್ಟಿ ಥರ್ಮಾಕೋಲ್ ಕತ್ತರಿಸಿ, ಪ್ಯಾಕಿಂಗ್ ಟೇಪ್ ಸುತ್ತಿ ಅಂಟಿಸಿ. ಬದಿಗಳು ಬಕೆಟ್ಟಿನ ಹಾಗೆ ಸ್ವಲ್ಪ ಓರೆಯಾಗಿರಲಿ, ನೆಟ್ಟಗಿದ್ದರೆ ಅಚ್ಚು ಹೊರಗೆ ಬರುವುದೇ ಇಲ್ಲ. ನೀರು ಹೋಗುವ ತೂತಿಗೆ ಪಿವಿಸಿ ಪೈಪಿನ ತುಂಡು ಇಡಿ, ಸಿಂಕಿನ ತಳಕ್ಕೆ ಅದರ ಕಡೆ ಇಳಿಜಾರು ಕೊಡಿ. ಇದನ್ನು ಮರೆತರೆ ದಿನಾ ಬಟ್ಟೆ ಹಿಡಿದು ಸಿಂಕ್ ಒರೆಸುತ್ತಾ ನಿಲ್ಲಬೇಕು, ಅಷ್ಟೇ!

ಸಣ್ಣ ಜಲ್ಲಿ ಬಳಸಿ, ಒಳಗೆ ಕಬ್ಬಿಣದ ಜಾಲರಿ ಹಾಕಿ. ಕಲಸುವಾಗ ಮೇಸ್ತ್ರಿ 'ಇನ್ನೊಂದು ಚೊಂಬು' ಅಂತ ನೀರು ಸುರಿಯಲು ಬಂದರೆ ತಡೆಯಿರಿ, ನೀರು ಜಾಸ್ತಿಯಾದರೆ ಬಿರುಕು ಗ್ಯಾರಂಟಿ. ಪೆಟ್ಟಿಗೆಯ ಸುತ್ತ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಗಾಳಿಗುಳ್ಳೆ ಹೊರಡುತ್ತದೆ. ಕನಿಷ್ಠ 7 ದಿನ ಒದ್ದೆ ಗೋಣಿಚೀಲ ಹೊದಿಸಿಡಿ.

ಇನ್ನು ನಮ್ಮ ಅಡುಗೆಯ ತೊಂದರೆ ಹುಣಸೆ ಮತ್ತು ನಿಂಬೆ. ಹುಳಿ ಸಿಮೆಂಟನ್ನು ತಿನ್ನುತ್ತದೆ. ಆಹಾರ ತಾಗಿದರೂ ತೊಂದರೆಯಿಲ್ಲದ ಸೀಲರ್ (ದ್ರವ ಒಳಗಿಳಿಯದಂತೆ ತಡೆಯುವ ಲೇಪ) ಬಳಿಯಲೇಬೇಕು, ಅದು ಸವೆದಾಗ ಮತ್ತೆ ಬಳಿಯಬೇಕು. ಅರಿಶಿನ ಚೆಲ್ಲಿದರೆ ಮಾತ್ರ ಫೋನ್ ಕೆಳಗಿಟ್ಟು ತಕ್ಷಣ ಒರೆಸಿ.