ಕಂಬದ ಶೆಡ್ಡಿಗೆ ವೈರಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಂಬ ನೆಟ್ಟು ತಗಡು ಹೊದಿಸಿದ ಶೆಡ್ ಕಟ್ಟಿಸಿದ್ದೇವೆ. 12 ಮೀಟರ್ ಉದ್ದ, 6 ಮೀಟರ್ ಅಗಲ. ಮೂರು ಮೀಟರಿಗೊಂದು ಕಂಬ, ಸೂರಿನ ಎತ್ತರ 3 ಮೀಟರ್. ಆರು ದೀಪ, ನಾಲ್ಕು ಸಾಕೆಟ್, ಮೇವು ಕತ್ತರಿಸಲು 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಬೇಕು. ವೈರಿನ ಪೈಪನ್ನು ಯಾವ ಹಾದಿಯಲ್ಲಿ ಎಳೆಸಬೇಕು? ಸಾಮಾನು ಎಷ್ಟು ತರಿಸಬೇಕು?

ಉತ್ತರ: ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಬೇಕು, ಅದು ಕಾನೂನು. ಆದರೆ ಪೈಪು ಎಲ್ಲಿ ಹೋಗಬೇಕು, ಸಾಕೆಟ್ ಎಲ್ಲಿ ಇರಬೇಕು ಎನ್ನುವುದನ್ನು ಶೆಡ್ಡಿನಲ್ಲಿ ದಿನವೂ ಓಡಾಡುವವರು ಮೊದಲೇ ಗೀಟು ಹಾಕಿ ಕೊಟ್ಟರೆ ಅರ್ಧ ತಪ್ಪು ತಪ್ಪುತ್ತದೆ.

ಮೊದಲ ನಿಯಮ: ಪೈಪು ತಗಡಿಗೆ ತಾಗಬಾರದು. ಚಾವಣಿಯ ತಗಡಿಗೂ ಪೈಪಿಗೂ 15ರಿಂದ 20 ಸೆಂಟಿಮೀಟರ್, ಗೋಡೆಯ ತಗಡಿಗೆ ಕನಿಷ್ಠ 5 ಸೆಂಟಿಮೀಟರ್ ಅಂತರ ಇರಲಿ. ಇದಕ್ಕೆ ಎರಡು ಕಾರಣ. ಗಾಳಿಗೆ ತಗಡು ಸಡಿಲವಾದಾಗ ಹೊರಗಿನಿಂದ ಹೊಸ ಸ್ಕ್ರೂ ಹೊಡೆಯುತ್ತಾರೆ. ಒಳಗೆ ಅದೇ ಜಾಗದಲ್ಲಿ ಪೈಪಿದ್ದರೆ ಸ್ಕ್ರೂ ನೇರ ವೈರಿಗೆ ಇಳಿಯುತ್ತದೆ. ಎರಡನೆಯದು ಬಿಸಿ. ಪೈಪಿನೊಳಗಿನ 2.5 ಚದರ ಮಿ.ಮೀ. ತಾಮ್ರದ ಪಿವಿಸಿ ವೈರ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಆಂಪಿಯರ್ ಹೊರುತ್ತದೆ. ಸುತ್ತಲಿನ ಗಾಳಿ 50 ಡಿಗ್ರಿಗೆ ಏರಿದರೆ ಅದರ ಸಾಮರ್ಥ್ಯ 17 ಆಂಪಿಯರಿಗೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ತಗಡಿನ ಕೆಳಗೆ ಅಷ್ಟು ಬಿಸಿ ಸಾಮಾನ್ಯ. ಇದೇ ಕಾರಣಕ್ಕೆ ಮೋಟಾರಿನ ವೈರನ್ನು ಸಾಕೆಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ತುರುಕಬೇಡಿ. ಎರಡು ಸರ್ಕ್ಯೂಟ್ ಒಟ್ಟಿಗಿದ್ದರೆ ಸಾಮರ್ಥ್ಯ ಇನ್ನೂ ಐದನೇ ಒಂದು ಭಾಗ ಕಡಿಮೆಯಾಗುತ್ತದೆ.

ಹಾದಿ ಹೀಗಿರಲಿ. ಬಾಗಿಲ ಪಕ್ಕದ ಮೂಲೆಗಂಬದಲ್ಲಿ ಬೋರ್ಡ್. ಅಲ್ಲಿಂದ ಉದ್ದನೆಯ ಬದಿಗೆ ಸೂರಿನ ಅಡ್ಡತೊಲೆಯ ಒಳಮೈಗುಂಟ ಮೂರು ಪೈಪು ಸಮಾನಾಂತರವಾಗಿ ಹೋಗಲಿ: ದೀಪಕ್ಕೆ 20 ಮಿ.ಮೀ., ಸಾಕೆಟ್ಟಿಗೆ 25 ಮಿ.ಮೀ., ಮೋಟಾರಿಗೆ 25 ಮಿ.ಮೀ. ಮೂರು ಸಾಕೆಟ್ ಈ ಬದಿಯ ಕಂಬಗಳ ಮೇಲೆ ಬರಲಿ. ನಾಲ್ಕನೆಯದಕ್ಕೆ ಪೈಪು ಕೊನೆಯ ಅಡ್ಡತೊಲೆಯ ಮೇಲೆ ಆಚೆ ಬದಿಗೆ ದಾಟಲಿ. ದೀಪದ ಪೈಪು ಮೂರು ಅಡ್ಡತೊಲೆಗಳ ಮೇಲೆ ಕವಲೊಡೆದು, ತೊಲೆಗೆರಡು ದೀಪದಂತೆ ಮುಗಿಯಲಿ. ಕಂಬದಿಂದ ಕಂಬಕ್ಕೆ ಪೈಪನ್ನು ಗಾಳಿಯಲ್ಲಿ ತೂಗುಬಿಡುವುದು ಬೇಡವೇ ಬೇಡ. ನಡುವೆ ಮರದ ಪಟ್ಟಿ ಇಲ್ಲದಿದ್ದರೆ ಮೊದಲು ಪಟ್ಟಿ ಹೊಡೆಸಿ, ಆಮೇಲೆ ಪೈಪು.

ಲೆಕ್ಕ: ಸಾಕೆಟ್ ಪೈಪು 12 + 6 ಮೀಟರ್, 3 ಮೀಟರ್ ಸೂರಿನಿಂದ 1.4 ಮೀಟರ್ ಎತ್ತರದ ಸಾಕೆಟ್ಟಿಗೆ ನಾಲ್ಕು ಇಳಿತ ತಲಾ 1.6 ಮೀಟರ್, ಒಟ್ಟು 24.4. ಮೋಟಾರ್ ನಾಲ್ಕನೇ ಕಂಬದಲ್ಲಿದ್ದರೆ 9 + 1.6. ಎರಡೂ ಸೇರಿ 35 ಮೀಟರ್. ಪೈಪು ಮೂರು ಮೀಟರಿನ ತುಂಡಾಗಿ ಬರುವುದರಿಂದ, ಕತ್ತರಿಸಿ ಹಾಳಾಗುವುದೂ ಸೇರಿ 25 ಮಿ.ಮೀ. ಪೈಪು 13 ತರಿಸಿ. ದೀಪಕ್ಕೆ 20 ಮಿ.ಮೀ. ಪೈಪು 10 ಸಾಕು. ಪೈಪನ್ನು ಹಿಡಿದಿಡುವ ಸ್ಯಾಡಲ್ 60 ಸೆಂಟಿಮೀಟರಿಗೊಂದು, ಜೊತೆಗೆ ಪ್ರತಿ ಬಾಕ್ಸ್, ಬೆಂಡ್, ಎರಡು ಪೈಪು ಜೋಡಿಸುವ ಕಪ್ಲರಿನ ಎರಡೂ ಕಡೆ 30 ಸೆಂಟಿಮೀಟರ್ ಒಳಗೆ ಒಂದೊಂದು. ಹಾಗಾಗಿ ಸುಮಾರು 130 ಬೇಕು. ಜನ ಕಂಜೂಸುತನ ತೋರಿಸುವುದು ಸ್ಯಾಡಲ್‌ನಲ್ಲೇ, ಪೈಪು ಜೋತುಬೀಳುವುದೂ ಅದರಿಂದಲೇ.

ದೀಪಕ್ಕೆ 1.5, ಸಾಕೆಟ್ಟಿಗೆ 2.5, ಮೋಟಾರಿಗೆ 4 ಚದರ ಮಿ.ಮೀ. ತಾಮ್ರದ ವೈರ್. ಭಾರತೀಯ ಮಾನಕದ ಐಎಸ್ 694 ಗುರುತು ವೈರಿನ ಮೈಮೇಲೇ ಅಚ್ಚಾಗಿರುತ್ತದೆ, ನೋಡಿ ಕೊಳ್ಳಿ. ಸಾಕೆಟ್ಟಿಗೆ ಫೇಸ್, ನ್ಯೂಟ್ರಲ್, ಅರ್ಥ್ ಬಣ್ಣಕ್ಕೆ 35 ಮೀಟರಿನಂತೆ ಬೇಕಾಗುತ್ತದೆ. ವೈರ್ ಸಾಕೆಟ್ಟಿಗೆ ಇಳಿದು ಅಲ್ಲಿಂದಲೇ ಮತ್ತೆ ಮೇಲೇರಿ ಮುಂದಿನದಕ್ಕೆ ಹೋಗಬೇಕಾದ್ದರಿಂದ ಇಳಿತದ ಉದ್ದ ದುಪ್ಪಟ್ಟು ಹಿಡಿದಿದ್ದೇವೆ. ಪೈಪಿನೊಳಗೆ ಜಾಯಿಂಟ್ ಇರಲೇಬಾರದು. ದೀಪಕ್ಕೆ 6 ಆಂಪಿಯರ್, ಸಾಕೆಟ್ಟಿಗೆ 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್). ಮೋಟಾರಿಗೆ, ಹೊರಡುವಾಗಿನ ಹೆಚ್ಚು ಕರೆಂಟನ್ನು ತಾಳುವ ಸಿ-ಕರ್ವ್ 16 ಆಂಪಿಯರ್, ಜೊತೆಗೆ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರ್.

ಪೈಪನ್ನೆಲ್ಲ ಕೂರಿಸಿ, ಪೈಪು ಅಂಟಿಸಿದ ಸಾಲ್ವೆಂಟ್ ಒಣಗಿದ ಮೇಲಷ್ಟೇ ವೈರ್ ಎಳೆಸಿ. ವೈರನ್ನು ಮೊದಲೇ ಪೋಣಿಸಿ ಆಮೇಲೆ ಪೈಪು ಅಂಟಿಸುವವರಿದ್ದಾರೆ. ಹಾಗೆ ಮಾಡಿದರೆ ಮುಂದೆ ಒಂದು ವೈರ್ ಸುಟ್ಟಾಗ ಹೊರಗೆ ಎಳೆಯಲು ಬರುವುದಿಲ್ಲ. ಎರಡು ಬಾಕ್ಸ್‌ಗಳ ನಡುವೆ ಎರಡಕ್ಕಿಂತ ಹೆಚ್ಚು ಬೆಂಡ್ ಬೇಡ. ವೈರ್ ಬಿಗಿಯಾದರೆ ಪೈಪಿಗೆ ಟಾಲ್ಕ್ ಪುಡಿ ಊದಿ. ಗ್ರೀಸು, ಎಣ್ಣೆ ಹಚ್ಚಬೇಡಿ, ಅವು ಪಿವಿಸಿ ಹೊದಿಕೆಯನ್ನು ಕೆಡಿಸುತ್ತವೆ.

ಪ್ರಶ್ನೆ: ಹಳೆಯ ಶೆಡ್ಡಿನಲ್ಲಿ ಪಿವಿಸಿ ಪೈಪು ಬಿಲ್ಲಿನಂತೆ ಬಾಗಿದೆ. ಕೆಲವು ಕಡೆ ಕಪ್ಲರಿನಿಂದ ಹೊರಬಂದು ವೈರ್ ಕಾಣುತ್ತಿದೆ. ಪೈಪು ಕಳಪೆಯೇ?

ಉತ್ತರ: ಕಳಪೆ ಇರಲಿಕ್ಕಿಲ್ಲ, ಹಿಗ್ಗಲು ಜಾಗ ಕೊಟ್ಟಿಲ್ಲ. ಪಿವಿಸಿ ಪೈಪು ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಬೆಳಗಿನ ಜಾವ 18 ಡಿಗ್ರಿ, ಮಧ್ಯಾಹ್ನ ತಗಡಿನಡಿ 53 ಡಿಗ್ರಿ ಎಂದುಕೊಳ್ಳಿ. 12 ಮೀಟರಿನ ನೇರ ಪೈಪು ಸುಮಾರು 29 ಮಿ.ಮೀ. ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಎರಡೂ ತುದಿ ಬಿಗಿಯಾಗಿದ್ದರೆ ಹಿಗ್ಗುವಾಗ ನಡುವೆ ಬಾಗುತ್ತದೆ, ಕುಗ್ಗುವಾಗ ಸಾಲ್ವೆಂಟ್ ಸರಿಯಾಗಿ ಹಿಡಿಯದ ಕಪ್ಲರಿನಿಂದ ಕಳಚುತ್ತದೆ. ಆರು ಮೀಟರಿಗಿಂತ ಉದ್ದದ ನೇರ ಓಟಕ್ಕೆ ನಡುವೆ ಒಂದು ಎಕ್ಸ್‌ಪಾನ್ಷನ್ ಕಪ್ಲರ್ ಹಾಕಿಸಿ. ಅದರ ಒಂದು ಬದಿಗೆ ಮಾತ್ರ ಸಾಲ್ವೆಂಟ್, ಇನ್ನೊಂದು ಬದಿ ಒಳಗೆ ಸರಿಯುವಂತಿರಲಿ. ಸ್ಯಾಡಲ್ ಸ್ಕ್ರೂವನ್ನು ಪೈಪು ಅಪ್ಪಚ್ಚಿಯಾಗುವಂತೆ ತಿರುಗಿಸಬಾರದು. ಪೈಪು ಅದರೊಳಗೆ ಜಾರಬೇಕು.

ಬಿಸಿಲಿಗೆ ನೇರ ತೆರೆದುಕೊಂಡ ಭಾಗದಲ್ಲಿ ಮತ್ತು ಹಸು, ಟ್ರ್ಯಾಕ್ಟರ್ ತಾಗುವ ಎತ್ತರದಲ್ಲಿ ಪಿವಿಸಿ ಬೇಡ, ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪು ಹಾಕಿಸಿ. ಒಂದು ಎಚ್ಚರಿಕೆ: ಕಬ್ಬಿಣದ ಪೈಪಿನಲ್ಲಿ ಒಂದು ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಜೊತೆಯಲ್ಲೇ ಹೋಗಬೇಕು. ಫೇಸ್ ಒಂದೇ ಹೋದರೆ ಪೈಪು ಕಾಯುತ್ತದೆ.

ಪ್ರಶ್ನೆ: ತಗಡಿನ ಗೋಡೆ ಮುಟ್ಟಿದರೆ ಜುಮ್ ಎನ್ನುತ್ತದೆ. ಎಂಸಿಬಿ ಇದೆ, ಅರ್ಥ್ ಗುಂಡಿಯೂ ಇದೆ, ತಗಡಿಗೆ ಅದರ ತಂತಿಯೂ ಇದೆ. ಆದರೂ ಏಕೆ ಟ್ರಿಪ್ ಆಗುವುದಿಲ್ಲ?

ಉತ್ತರ: ಇದನ್ನು ಓದಿದ ತಕ್ಷಣ ಮೇನ್ ಆಫ್ ಮಾಡಿ, ದನಗಳನ್ನು ಹೊರಗೆ ಕಟ್ಟಿ. ಜುಮ್ ಎನ್ನುವುದು ಒಣ ಕಾಲಿಗೆ, ಚಪ್ಪಲಿ ಹಾಕಿದವರಿಗೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಅದೇ ತಗಡು ಪ್ರಾಣ ತೆಗೆಯಬಲ್ಲದು.

ಕಾರಣ ಲೆಕ್ಕದಲ್ಲಿದೆ. ನಿಮ್ಮ ಅರ್ಥ್ ಗುಂಡಿಯ ರೋಧ 10 ಓಮ್, ಟ್ರಾನ್ಸ್‌ಫಾರ್ಮರ್ ಅರ್ಥಿನದು 5 ಓಮ್ ಎನ್ನಿ. ಫೇಸ್ ವೈರ್ ತಗಡಿಗೆ ತಾಗಿದಾಗ ಹರಿಯುವುದು 230 ಭಾಗಿಸು 15, ಅಂದರೆ ಸುಮಾರು 15 ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಇದು ಮಾಮೂಲು ಲೋಡ್. ಸಿ-ಕರ್ವ್ ಎಂಸಿಬಿ ಕ್ಷಣದಲ್ಲಿ ಬೀಳಬೇಕಾದರೆ ಆ 16 ಆಂಪಿಯರಿನ ಐದರಿಂದ ಹತ್ತು ಪಟ್ಟು ಕರೆಂಟು ಬೇಕು. ಅಲ್ಲಿಯವರೆಗೆ ನಿಮ್ಮ ಗೋಡೆ 150 ವೋಲ್ಟಿನಲ್ಲಿ ನಿಂತಿರುತ್ತದೆ. ಗುಂಡಿಗೆ ಉಪ್ಪು, ಇದ್ದಿಲು ಎಷ್ಟೇ ತುಂಬಿದರೂ ಈ ಲೆಕ್ಕ ಎಂಸಿಬಿಯ ಕಡೆಗೆ ತಿರುಗುವುದು ಕಷ್ಟ.

ಇದಕ್ಕೆ ಮದ್ದು ಸೋರಿಕೆ ಹಿಡಿಯುವ ಸ್ವಿಚ್, ಅಂದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಮರಳದಿದ್ದರೆ ಅದು ಬೀಳುತ್ತದೆ. ಎಲ್ಲ ಸಾಕೆಟ್ಟಿಗೂ ಇದು ಕಡ್ಡಾಯ ಎಂದೇ ತಿಳಿಯಿರಿ. ದೀಪ, ಮೋಟಾರಿಗೂ ಹಾಕಿಸುವುದೇ ನಮ್ಮ ಸಲಹೆ. ಆದರೆ ಮೂರಕ್ಕೂ ಒಂದೇ ಬೇಡ, ರಾತ್ರಿ ಮೋಟಾರಿನ ಸೋರಿಕೆಗೆ ದೀಪವೂ ಆರಿಹೋಗುತ್ತದೆ. ಆರ್‌ಸಿಸಿಬಿ ಬಂದಿತೆಂದು ಅರ್ಥಿಂಗ್ ಬಿಡುವಂತಿಲ್ಲ, ಎಂಸಿಬಿಯನ್ನೂ ತೆಗೆಯುವಂತಿಲ್ಲ. ಓವರ್‌ಲೋಡ್ ಆರ್‌ಸಿಸಿಬಿಗೆ ತಿಳಿಯುವುದೇ ಇಲ್ಲ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ.

ತಗಡಿನ ಗೋಡೆ, ಕಬ್ಬಿಣದ ಕಂಬ, ದನ ಕಟ್ಟುವ ಪೈಪು, ನೀರಿನ ಲೋಹದ ಪೈಪು ಎಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಿ ಅರ್ಥಿಗೆ ಸೇರಿಸಬೇಕು. ನಾಲ್ಕು ಕಾಲೂ ನೆಲಕ್ಕೆ ಊರಿದ ದನಕ್ಕೆ ಮನುಷ್ಯನಿಗೆ ಗೊತ್ತೇ ಆಗದಷ್ಟು ಕಡಿಮೆ ವೋಲ್ಟೇಜೂ ತಟ್ಟುತ್ತದೆ. ಹಸು ಬಾನಿಗೆ ಬಾಯಿ ಹಾಕಲು ಹಿಂಜರಿದರೆ ವೈದ್ಯರ ಜೊತೆಗೆ ಎಲೆಕ್ಟ್ರಿಷಿಯನ್ನನ್ನೂ ಕರೆಸಿ.

ಈಗ ದೋಷ ಹುಡುಕಬೇಕು. ಎಲ್ಲ ಉಪಕರಣ ಕಳಚಿ, ಒಂದೊಂದೇ ಸರ್ಕ್ಯೂಟನ್ನು ಬೋರ್ಡಿನಿಂದ ಬಿಡಿಸಿ, ವೈರ್ ಹೊದಿಕೆಯ ರೋಧ ಅಳೆಯುವ 500 ವೋಲ್ಟ್ ಮೆಗ್ಗರ್‌ನಿಂದ ಅರ್ಥಿಗೆ ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಸರ್ಕ್ಯೂಟಿನಲ್ಲೇ ಸೋರಿಕೆ. ಹೆಚ್ಚಾಗಿ ಸಿಗುವುದು ತಗಡಿನ ಸ್ಕ್ರೂ ಇಳಿದ ಪೈಪು ಅಥವಾ ಇಲಿ ಕಡಿದ ವೈರ್.

ಪ್ರಶ್ನೆ: ಕೊಟ್ಟಿಗೆಯಲ್ಲಿ ಸಾಕೆಟ್ ಒಂದೇ ವರ್ಷದಲ್ಲಿ ಹಸಿರುಗಟ್ಟಿ ಕೆಡುತ್ತದೆ. ಎಲ್ಲಿ, ಎಂಥದ್ದು ಹಾಕಿಸಬೇಕು?

ಉತ್ತರ: ಗಂಜಲದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಮನೆಯೊಳಗಿನ ಸಾಕೆಟ್ ಇಲ್ಲಿ ಬಾಳುವುದಿಲ್ಲ. ಮುಚ್ಚಳ ಮತ್ತು ರಬ್ಬರ್ ಗ್ಯಾಸ್ಕೆಟ್ ಇರುವ, ಕನಿಷ್ಠ ಐಪಿ 44 (ಐಪಿ ಎಂದರೆ ಧೂಳು, ನೀರು ತಡೆಯುವ ಮಟ್ಟದ ಗುರುತು), ನೀರು ಹಾಯಿಸಿ ತೊಳೆಯುವ ಜಾಗವಾದರೆ ಐಪಿ 65 ಬಾಕ್ಸ್ ಹಾಕಿಸಿ. ಎತ್ತರ ನೆಲದಿಂದ 1.4 ಮೀಟರ್, ದನದ ಬಾಯಿ, ಬಾಲ, ಕೊಂಬು ಮುಟ್ಟದ ಬದಿಯಲ್ಲಿ. ಪೈಪು ಬಾಕ್ಸಿನ ತಲೆಗೆ ನೇರ ಇಳಿದರೆ ಪೈಪಿನೊಳಗೆ ಬೆವರಿದ ನೀರು ಟರ್ಮಿನಲ್ ಮೇಲೇ ತೊಟ್ಟಿಕ್ಕುತ್ತದೆ. ಪೈಪನ್ನು ಬಾಕ್ಸಿಗಿಂತ ಕೆಳಗೆ ಇಳಿಸಿ, ತಗ್ಗಿನಲ್ಲಿ ಸಣ್ಣ ತೂತು ಬಿಟ್ಟು, ತಿರುಗಿಸಿ ಗ್ಲ್ಯಾಂಡ್ ಮೂಲಕ ಕೆಳಗಿನಿಂದ ಒಳಗೆ ತಂದರೆ ನೀರು ಅಲ್ಲೇ ಸುರಿದುಹೋಗುತ್ತದೆ. ಹುಲ್ಲು ಒಟ್ಟುವ ಕಡೆ ಸಾಕೆಟ್ಟೂ ಬೇಡ, ಜಂಕ್ಷನ್ ಬಾಕ್ಸೂ ಬೇಡ. ಸಡಿಲ ಟರ್ಮಿನಲ್ಲಿನ ಒಂದು ಕಿಡಿ ಒಣಹುಲ್ಲಿಗೆ ಸಾಕು.

ಪ್ರಶ್ನೆ: ಮನೆಯಿಂದ 40 ಮೀಟರ್ ದೂರದ ಶೆಡ್ಡಿಗೆ 2.5 ಚದರ ಮಿ.ಮೀ. ವೈರಿನಲ್ಲಿ ಕರೆಂಟು ತಂದಿದ್ದೇವೆ. ದೀಪ ಸರಿ, ಆದರೆ 2 ಎಚ್‌ಪಿ ಮೋಟಾರ್ ಗುಂಯ್‌ಗುಟ್ಟಿ ನಿಲ್ಲುತ್ತದೆ.

ಉತ್ತರ: ಮೊದಲು ಕೆಪಾಸಿಟರ್ ಪರೀಕ್ಷಿಸಿ. ಅದು ಸರಿಯಿದ್ದರೆ ವೈರ್ ಸಣ್ಣದಾಯಿತು. ಈ ಮೋಟಾರ್ ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಹೊರಡುವಾಗ ಐದಾರು ಪಟ್ಟು. 2.5 ಚದರ ಮಿ.ಮೀ. ತಾಮ್ರದ ರೋಧ ಕಿಲೋಮೀಟರಿಗೆ 7.41 ಓಮ್. ಹೋಗಿ ಬರುವ 80 ಮೀಟರಿನಲ್ಲಿ 60 ಆಂಪಿಯರಿಗೆ 35 ವೋಲ್ಟ್ ಕಳೆದುಹೋಗುತ್ತದೆ. ಮನೆಯಲ್ಲೇ 210 ವೋಲ್ಟಿದ್ದರೆ ಮೋಟಾರಿಗೆ ಸಿಗುವುದು 175. 6 ಚದರ ಮಿ.ಮೀ. ಹಾಕಿದರೆ ನಷ್ಟ 15 ವೋಲ್ಟಿಗೆ ಇಳಿಯುತ್ತದೆ. ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ಲನ್ನು 75 ಸೆಂಟಿಮೀಟರ್ ಆಳದಲ್ಲಿ, ಕೆಳಗೆ ಮೇಲೆ ಮರಳು ಹಾಕಿ, ಅದರ ಮೇಲೆ ಇಟ್ಟಿಗೆ ಸಾಲಿಟ್ಟು ಹೂಳಿಸಿ. ತೆಳು ಪಿವಿಸಿ ಕಂಡ್ಯೂಟ್ ಪೈಪನ್ನು ನೆಲದಲ್ಲಿ ಹೂಳಬೇಡಿ, ಟ್ರ್ಯಾಕ್ಟರ್ ಚಕ್ರಕ್ಕೆ ಅದು ಒಡೆಯುತ್ತದೆ. ಶೆಡ್ಡಿಗೆ ಬಂದ ಕೂಡಲೇ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ ಇರಲಿ. ಕೇಬಲ್ಲಿನ ಆರ್ಮರ್ ಎರಡೂ ತುದಿಯಲ್ಲಿ ಗ್ಲ್ಯಾಂಡ್ ಮೂಲಕ ಅರ್ಥಿಗೆ ಸೇರಲಿ.

ಪ್ರಶ್ನೆ: ನೀರಾವರಿ ಪಂಪ್‌ಸೆಟ್ ಲೈನಿನಿಂದಲೇ ಶೆಡ್ಡಿಗೆ ಎಳೆದುಕೊಳ್ಳಬಹುದೇ?

ಉತ್ತರ: ಬೇಡ. ಆ ಸಂಪರ್ಕ ಪಂಪಿಗೆಂದೇ ಕೊಟ್ಟದ್ದು, ಬೇರೆ ಬಳಕೆ ಅಕ್ರಮ. ಜೊತೆಗೆ ಅಲ್ಲಿ ತ್ರೀಫೇಸ್ ಪಾಳಿಯಲ್ಲಿ ಬರುತ್ತದೆ, ಉಳಿದ ಹೊತ್ತು ವೋಲ್ಟೇಜ್ ಏರುಪೇರಾಗಿ ಸಿಂಗಲ್ ಫೇಸ್ ಮೋಟಾರ್ ಸುಡಬಹುದು. ಶೆಡ್ಡಿಗೆ ಮನೆಯ ಮೀಟರಿನಿಂದ ತನ್ನಿ, ಮಂಜೂರಾದ ಲೋಡ್ ಸಾಲದಿದ್ದರೆ ಮೋಟಾರ್ ಕೊಳ್ಳುವ ಮೊದಲೇ ಹೆಚ್ಚಿಸಲು ಅರ್ಜಿ ಹಾಕಿ.