ಎಐ ಹೇಳಿದ್ದೆಲ್ಲ ನಿಜ ಅನ್ನಿಸುವುದೇಕೆ?

ಪ್ರಶ್ನೆ: ಮೊದಲೆಲ್ಲ ಏನಾದರೂ ತಿಳಿಯಬೇಕಿದ್ದರೆ ನಾಲ್ಕು ಕಡೆ ಓದಿ ನೋಡುತ್ತಿದ್ದೆ. ಈಗ ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಹಾಗೇ ನಂಬಿಬಿಡುತ್ತೇನೆ. ಅನುಮಾನ ಬಂದರೆ ‘ಇದು ನಿಜ ತಾನೇ?’ ಎಂದು ಅದನ್ನೇ ಕೇಳುತ್ತೇನೆ. ಅಷ್ಟು ಸಾಕಾ? ಇದು ನನ್ನ ಸೋಮಾರಿತನವಾ?

ಉತ್ತರ: ಸೋಮಾರಿತನ ಅಂತ ಬೇಸರ ಮಾಡಿಕೊಳ್ಳಬೇಡಿ. ಸಲೀಸಾಗಿ ಓದಿಸಿಕೊಂಡು ಹೋಗುವ ಮಾತನ್ನು ಮನಸ್ಸು ಬೇಗ ಒಪ್ಪಿಕೊಳ್ಳುತ್ತದೆ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಂಥ ಊರು ಇಂಥ ದೇಶದಲ್ಲಿದೆ ಎಂಬಂಥ ವಾಕ್ಯಗಳನ್ನು ಬೇರೆ ಬೇರೆ ಬಣ್ಣಗಳಲ್ಲಿ ತೋರಿಸಿದರು. ಎದ್ದು ಕಾಣುವ ಬಣ್ಣದಲ್ಲಿದ್ದ ವಾಕ್ಯಗಳನ್ನು ಜನ ನಿಜ ಅಂದದ್ದು ಸ್ವಲ್ಪ ಜಾಸ್ತಿ. ಬರೀ ಬಣ್ಣದಿಂದಲೇ ಇಷ್ಟಾದರೆ, ಅಚ್ಚುಕಟ್ಟಾಗಿ ಜೋಡಿಸಿದ ಚಾಟ್‌ಬಾಟ್ ಉತ್ತರಕ್ಕೆ ನಾವು ಸೋಲುವುದು ಸಹಜ ಅಲ್ವಾ?

ಇನ್ನೊಂದು ಕಾರಣವೂ ಇದೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಸರಿಯಾಗಿ ಗೊತ್ತಿಲ್ಲದ್ದನ್ನು ಹೇಳುವಾಗ ಮನುಷ್ಯರು ತಡವರಿಸುತ್ತಾರೆ, ‘ಇರಬಹುದೇನೋ’ ಅನ್ನುತ್ತಾರೆ. ಎಷ್ಟು ನಂಬಬೇಕು ಅನ್ನುವುದನ್ನು ನಾವು ಅಳೆಯುವುದೇ ಅದರಿಂದ. ಚಾಟ್‌ಬಾಟ್ ಮುಂದೆ ಬರಬಹುದಾದ ಪದಗಳನ್ನು ಊಹಿಸುತ್ತಾ ಉತ್ತರ ಕಟ್ಟುತ್ತದೆ. ಹಾಗಾಗಿ ಸರಿಯಾದದ್ದನ್ನೂ ತಪ್ಪನ್ನೂ ಎಷ್ಟೋ ಸಲ ಒಂದೇ ಧೈರ್ಯದಿಂದ ಹೇಳುತ್ತದೆ.

ಅದನ್ನೇ ತಿರುಗಿ ಕೇಳಿದರೆ ಸಾಕಾ? ದಯವಿಟ್ಟು ಅದನ್ನು ನೆಚ್ಚಿಕೊಳ್ಳಬೇಡಿ. 2023ರಲ್ಲಿ ನ್ಯೂಯಾರ್ಕಿನ ಒಂದು ಕೋರ್ಟಿನಲ್ಲಿ ಆದದ್ದು ಇದೇ. ವಿಮಾನ ಕಂಪನಿಯ ಮೇಲಿನ ಕೇಸಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದ್ದರು. ಅವುಗಳಲ್ಲಿ ಕೆಲವು ಇಲ್ಲವೇ ಇಲ್ಲ. ‘ಇದು ನಿಜವಾದ ಕೇಸಾ?’ ಎಂದು ವಕೀಲರೊಬ್ಬರು ಅದನ್ನೇ ಕೇಳಿಯೂ ಇದ್ದರು. ‘ಹೌದು’ ಎಂದಿತ್ತು. ಕೋರ್ಟು 5,000 ಡಾಲರ್ ದಂಡ ಹಾಕಿತು. ಕೇಳುವವರು ಯಾವ ಕಡೆ ವಾಲಿದ್ದಾರೋ ಆ ಕಡೆಗೇ ಉತ್ತರ ವಾಲುವ ಗುಣ ಈ ಸಾಧನಗಳಲ್ಲಿದೆ. ‘ನಿಜ ತಾನೇ?’ ಅಂದಾಗಲೇ ನೀವು ಉತ್ತರವನ್ನು ಅರ್ಧ ಹೇಳಿಕೊಟ್ಟಂತೆ.

ಹಾಗಂತ ಪ್ರತಿ ಸಾಲನ್ನೂ ಪರೀಕ್ಷಿಸುತ್ತಾ ಕೂರಬೇಕಿಲ್ಲ. ಪತ್ರ ತಿದ್ದಿಸಿಕೊಂಡರೆ ನೀವೇ ಓದಿದರೆ ಸಾಕು. ಔಷಧ, ಕಾನೂನು, ದುಡ್ಡಿನ ವಿಷಯವಾದರೆ ಮಾತ್ರ ಆ ಚಾಟ್ ಬಿಟ್ಟು ಹೊರಗೆ ಬನ್ನಿ. ಉತ್ತರದಲ್ಲಿರುವ ಹೆಸರು, ಇಸವಿ, ಅಂಕಿ ಮೂಲದಲ್ಲಿ ಇದೆಯಾ ನೋಡಿ. ಲಿಂಕ್ ಕೊಟ್ಟಿದ್ದರೆ ಸುಮ್ನೆ ಇದೆ ಅಂತ ಬಿಡದೆ ತೆರೆದು ನೋಡಿ. ಎಷ್ಟೋ ಸಲ ಪುಟ ಇರುತ್ತದೆ, ಅದರಲ್ಲಿ ಆ ಮಾತು ಇರುವುದಿಲ್ಲ.